ಸದ್ದಿಲ್ಲದೆ ಹೊರಬೀಳುವ ಸವಲತ್ತು

ದಕ್ಷಿಣ ಕೊರಿಯಾದ ಮೆಸೇಜಿಂಗ್ ಆ್ಯಪ್ ಕಕಾವೊಟಾಕ್‌ನಲ್ಲಿ ಕಳಿಸಿದ ಮೆಸೇಜಿನ ಪಕ್ಕ ಹಳದಿ ಬಣ್ಣದ ಪುಟ್ಟ 1 ಕೂತಿರುತ್ತದೆ. ಆ ಕಡೆಯವರು ಓದಿದೊಡನೆ ಅದು ಮಾಯ. ಹತ್ತು ಜನರ ಗ್ರೂಪಾದರೆ 9ರಿಂದ ಶುರುವಾಗಿ, ಒಬ್ಬೊಬ್ಬರು ಓದಿದಂತೆಲ್ಲ ಇಳಿಯುತ್ತ ಹೋಗುತ್ತದೆ. ವಾಟ್ಸಾಪಿನ ನೀಲಿ ಟಿಕ್ಕು ಬೇಡವೆನಿಸಿದರೆ ಆಫ್ ಮಾಡಿಕೊಳ್ಳಬಹುದು. ಈ 1ಕ್ಕೆ ಅಂಥ ಸ್ವಿಚ್ಚಿಲ್ಲ. ಹಾಗಾಗಿ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಅಂಕಿ ಕರಗದಂತೆ ಕದ್ದು ಓದುವ ಉಪಾಯ ಅಲ್ಲಿ ಎಲ್ಲರಿಗೂ ಗೊತ್ತು.

2010ರ ಮಾರ್ಚಿನಲ್ಲಿ ಶುರುವಾದ ಈ ಆ್ಯಪ್, ಐದು ಕೋಟಿ ಚಿಲ್ಲರೆ ಜನರ ದೇಶದಲ್ಲಿ ನಾಲ್ಕೂವರೆ ಕೋಟಿಗೂ ಹೆಚ್ಚು ಮಂದಿಯ ಕೈಯಲ್ಲಿದೆ. ಮದುವೆಯ ಕರೆಯೋಲೆ, ಹುಟ್ಟುಹಬ್ಬದ ಉಡುಗೊರೆ ಕೂಪನ್ನು, ಆಫೀಸಿನ ಆದೇಶ ಎಲ್ಲವೂ ಅದರಲ್ಲೇ. 2022ರ ಅಕ್ಟೋಬರ್ 15ರಂದು ಆ್ಯಪಿನ ಸರ್ವರುಗಳಿದ್ದ ಪಾಂಗ್ಯೊದ ಡೇಟಾ ಸೆಂಟರಿಗೆ ಬೆಂಕಿ ಬಿದ್ದು ಸೇವೆ ನಿಂತಾಗ ಎಲ್ಲವೂ ಸರಿಹೋಗಲು ಐದು ದಿನಕ್ಕೂ ಹೆಚ್ಚು ಹಿಡಿಯಿತು. ಆ್ಯಪ್ ನಡೆಸುವ ಕಕಾವೊ ಕಂಪನಿಯ ಇಬ್ಬರು ಸಿಇಒಗಳಲ್ಲಿ ಒಬ್ಬರಾದ ನಮ್‌ಗುಂಗ್ ಹ್ವನ್ ರಾಜೀನಾಮೆ ಕೊಟ್ಟರು. ಅಂದಮೇಲೆ ‘ಇಷ್ಟವಿಲ್ಲದಿದ್ದರೆ ಬಿಟ್ಟುಬಿಡಿ’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ.

ನನ್ನ ತಕರಾರು ಆ್ಯಪಿನ ವ್ಯಾಪ್ತಿಯ ಬಗ್ಗೆ ಅಲ್ಲ, ಅದು ಹಿರಿಯರ ಕೈಗೆ ಕೊಟ್ಟ ಹಿಡಿತದ ಬಗ್ಗೆ. ಹಿರಿಯ–ಕಿರಿಯರ ಲೆಕ್ಕ ಕೊರಿಯಾದಲ್ಲಿ ಮೊದಲಿನಿಂದಲೂ ಬಿಗಿ. ಆದರೆ ಮುಖಾಮುಖಿ ಇರುವಾಗ ಅದರಲ್ಲಿ ಸಂದುಗೊಂದುಗಳೂ ಇದ್ದವು. ಕೇಳಿಸಲಿಲ್ಲ, ಹೊರಗೆ ಹೋಗಿದ್ದೆ ಎನ್ನಬಹುದಿತ್ತು. ಹಳದಿ ಅಂಕಿ ಆ ಸಂದುಗಳನ್ನು ಮುಚ್ಚಿತು. ರಾತ್ರಿ ಹತ್ತಕ್ಕೆ ಬಾಸು ಕಳಿಸಿದ್ದನ್ನು ಓದಿಯೂ ಸುಮ್ಮನಿದ್ದರೆ ಅದು ಉದ್ಧಟತನ, ಓದದೇ ಇದ್ದರೆ ಉದಾಸೀನ.

ಗ್ರೂಪು ಬಿಡುವುದು ಇನ್ನೂ ಕಷ್ಟವಾಗಿತ್ತು. ಯಾರೇ ಹೊರಟರೂ ಅವರ ಹೆಸರು ಹಿಡಿದು ‘ಹೊರಹೋದರು’ ಎಂದು ಆ್ಯಪೇ ಸಾರುತ್ತಿತ್ತು, ಪಂಕ್ತಿಯ ನಡುವೆ ಎಲೆ ಬಿಟ್ಟು ಎದ್ದವರತ್ತ ಎಲ್ಲರೂ ತಿರುಗಿ ನೋಡುವಂತೆ. ಶಾಲಾಮಕ್ಕಳಲ್ಲಿ ಇದು ಕ್ರೌರ್ಯಕ್ಕೂ ತಿರುಗಿತು: ಹೊರಹೋದ ಮಗುವನ್ನು ಮತ್ತೆ ಮತ್ತೆ ಒಳಗೆಳೆದು ಬೈಯುವುದಕ್ಕೆ ‘ಕಕಾವೊ ಜೈಲು’ ಎಂಬ ಹೆಸರೇ ಬಿತ್ತು. ಸದ್ದಿಲ್ಲದೆ ಹೊರಬೀಳುವ ಸೌಲಭ್ಯ ಬಂದದ್ದು 2023ರ ಮೇನಲ್ಲಿ, ಆ್ಯಪ್ ಹುಟ್ಟಿದ ಹದಿಮೂರು ವರ್ಷಕ್ಕೆ! ಅದೂ ಸೆಟ್ಟಿಂಗ್ಸಿನ ‘ಪ್ರಯೋಗಾಲಯ’ ಎಂಬ ಮೂಲೆಯಲ್ಲಿ, ಬೇಕಾದವರು ಹುಡುಕಿ ಆನ್ ಮಾಡಿಕೊಳ್ಳುವಂತೆ.

ಅದಕ್ಕೂ ಮೊದಲು, 2021ರಲ್ಲಿ, ಬೇರೆ ಬೇರೆಯವರಿಗೆ ಬೇರೆ ಬೇರೆ ಪ್ರೊಫೈಲ್ ತೋರಿಸುವ ಅನುಕೂಲ ಬಂದಿತ್ತು. ಗೆಳೆಯರಿಗೆ ಕಡಲತೀರದ ಫೋಟೊ, ಮ್ಯಾನೇಜರಿಗೆ ಖಾಲಿ ಚಿತ್ರ. ಈ ಎರಡು ಸವಲತ್ತೂ ಉಪಯುಕ್ತ, ನಿಜ. ಆದರೆ ಎರಡೂ ಕಿರಿಯರಿಗೆ ಅಡಗಿಕೊಳ್ಳುವುದನ್ನೇ ಕಲಿಸುತ್ತವೆ. ಹಿರಿಯರು ಕೈ ತಡೆದುಕೊಳ್ಳಲಿ ಎನ್ನುವ ಪ್ರಯತ್ನವೂ ಒಮ್ಮೆ ನಡೆದಿತ್ತು. ಕೆಲಸದ ಅವಧಿ ಮುಗಿದ ಮೇಲೆ ಫೋನು, ಮೆಸೇಜುಗಳ ಮೂಲಕ ಆದೇಶ ಕೊಡಬಾರದೆಂದು ಸಂಸದ ಶಿನ್ ಕ್ಯುಂಗ್‌ಮಿನ್ 2016ರಲ್ಲಿ ಮಸೂದೆ ಮಂಡಿಸಿದರು. ಅದು ಕಾನೂನಾಗಲಿಲ್ಲ.

2025ರ ಸೆಪ್ಟೆಂಬರಿನಲ್ಲಿ ಕಂಪನಿ, ಸರಳ ಹೆಸರುಪಟ್ಟಿಯಾಗಿದ್ದ ‘ಗೆಳೆಯರು’ ಪುಟವನ್ನು ಇನ್‌ಸ್ಟಾಗ್ರಾಮಿನ ಹಾಗೆ ಫೋಟೊಗಳ ಸಾಲಾಗಿಸಿತು. ಎಂದೋ ಕೆಲಸಕ್ಕೆಂದು ನಂಬರು ಉಳಿಸಿಕೊಂಡವರ ಊಟ, ಪ್ರವಾಸಗಳೆಲ್ಲ ಕಣ್ಣೆದುರು. ಜನ ರೊಚ್ಚಿಗೆದ್ದು ಆ್ಯಪ್ ಸ್ಟೋರಿನಲ್ಲಿ ಒಂದೊಂದೇ ಸ್ಟಾರ್ ಕೊಟ್ಟರು. ವಾರದೊಳಗೆ ಹಳೆಯ ಪಟ್ಟಿ ಮರಳಿ ತರುವುದಾಗಿ ಕಂಪನಿ ಹೇಳಬೇಕಾಯಿತು. ಕೊರಿಯನ್ನರು ಇಲ್ಲಿ ಕೇಳಿದ್ದು ಹೊಸದೇನನ್ನೂ ಅಲ್ಲ: ಎಲ್ಲರ ನಂಬರೂ ಇರಲಿ, ಎಲ್ಲರ ನಂಟೂ ಬೇಡ. ಕಂಪನಿಯ ವಿನ್ಯಾಸಕರಿಗೆ ಇದು ತಿಳಿಯದೇ ಹೋದದ್ದೇ ನನಗೆ ಸೋಜಿಗ.

ಮೆಸೇಜನ್ನು ಬರೆದಿಟ್ಟು ನಿಗದಿತ ಹೊತ್ತಿಗೆ ಕಳಿಸುವ ಸೌಕರ್ಯ ಇದೇ ಆ್ಯಪಿನಲ್ಲಿದೆ. ರಾತ್ರಿ ಹತ್ತಕ್ಕೆ ಹೊಳೆದದ್ದನ್ನು ಬೆಳಿಗ್ಗೆ ಒಂಬತ್ತಕ್ಕೆ ಹೋಗುವಂತೆ ಮಾಡಬಹುದು. ಕಳಿಸುವವರ ಮೇಲೆ ಒಂಚೂರು ಹೊಣೆ ಹೊರಿಸುವ ಸವಲತ್ತೆಂದರೆ ಅದೊಂದೇ, ಮತ್ತು ಅದನ್ನು ಬಳಸುವುದು ಬಿಡುವುದು ಪೂರ್ತಿ ಬಾಸಿನ ಮರ್ಜಿ.