ಪಾಠಶೋಧನೆ ಮತ್ತು ಪ್ರಕಟಣನೀತಿ

ಸಂಶೋಧನ ಪತ್ರಿಕೆಗಳ ಕೆಲವು ಲೇಖನಗಳಲ್ಲಿ ಹಸ್ತಪ್ರತಿಯ ಪಾಠ ಯಾವುದು, ಸಂಪಾದಕರ ಊಹೆ ಯಾವುದು ಎಂಬುದೇ ತಿಳಿಯದು. ತತ್ತ್ವಾರ್ಥಸೂತ್ರವು ಸತ್ಯವ್ರತದ ಅತಿಚಾರಗಳಲ್ಲಿ ಎಣಿಸಿರುವ ಕೂಟಲೇಖಕ್ರಿಯೆಗೆ ಇದು ಸಮೀಪದ ದೋಷ.

1939ರಲ್ಲಿ ಷಟ್ಖಂಡಾಗಮದ ಪ್ರಥಮ ಸಂಪುಟ ಪ್ರಕಟವಾದಾಗ ಮೂಡಬಿದಿರೆಯ ತಾಳೆಯೋಲೆಗಳು ಸಂಪಾದಕರಿಗೆ ಲಭ್ಯವಿರಲಿಲ್ಲ. ಪ್ರತಿಯ ಪ್ರತಿಗಳೇ ಆಧಾರ. ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ ‘ಸಂಜದ’ ಪದ ಬಿಟ್ಟುಹೋಗಿದೆಯೆಂದು ಡಾ. ಹೀರಾಲಾಲ ಜೈನರಿಗೆ ತೋರಿತು. ಅವರು ಅದನ್ನು ಮೂಲದಲ್ಲಿ ಸೇರಿಸದೆ ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಸ್ತ್ರೀಮುಕ್ತಿಯ ಚರ್ಚೆಗೆ ಸಂಬಂಧಿಸಿದ ಪದವಾದುದರಿಂದ ತೀವ್ರ ವಿವಾದವೆದ್ದಿತು. ಅನಂತರ ಮೂಡಬಿದಿರೆಯ ಓಲೆಯಲ್ಲಿ ಆ ಪದ ದೊರೆಯಿತು. ಊಹೆಯನ್ನು ಊಹೆಯೆಂದೇ ತಿಳಿಸಿದ್ದರಿಂದ ವಿದ್ವಾಂಸರು ಅದನ್ನು ಪರೀಕ್ಷಿಸಲು ಸಾಧ್ಯವಾಯಿತು.

ಪಾಠಾಂತರವನ್ನು ಮರೆಮಾಡಿದ ಲೇಖನವನ್ನು, ಅದರ ನಿರ್ಣಯ ಸಾಧುವಾಗಿದ್ದರೂ, ಪತ್ರಿಕೆಗಳು ಸ್ವೀಕರಿಸಬಾರದು.