ಗೊಮ್ಮಟಸಾರದ ಒಂದು ಮಹಾಸಂಖ್ಯೆ ಮತ್ತು ಪಾಠನಿರ್ಣಯ

ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯ ಗೊಮ್ಮಟಸಾರವು ಹತ್ತನೆಯ ಶತಮಾನದ ಪ್ರಾಕೃತ ಗ್ರಂಥ. ಅದರ ಜೀವಕಾಂಡದ ಒಂದು ಗಾಥೆಯು ಪರ್ಯಾಪ್ತ ಮನುಷ್ಯರ ಸಂಖ್ಯೆಯನ್ನು ಕಟಪಯಾದಿ ಕ್ರಮದಲ್ಲಿ, ಅಕ್ಷರಕ್ಕೊಂದು ಅಂಕದಂತೆ, 29 ಅಕ್ಷರಗಳಲ್ಲಿ ಹೇಳುತ್ತದೆ. ಮೊದಲ ಅಕ್ಷರದ ಅಂಕವನ್ನು ಏಕಸ್ಥಾನದಲ್ಲಿಟ್ಟು ಎಡಕ್ಕೆ ಸಾಗಿದರೆ ದೊರೆಯುವುದು 79228162514264337593543950336. ಇಂತಹ ಗಾಥೆಯ ಶುದ್ಧಪಾಠವನ್ನು ನಿರ್ಣಯಿಸಲು ಪ್ರತಿಗಳ ಬಹುಮತವೊಂದೇ ಸಾಲುವುದೇ ಎಂಬುದು ವಿಚಾರಾರ್ಹ.

ಈ ಗ್ರಂಥದ ವ್ಯಾಖ್ಯಾನಪರಂಪರೆ ಕರ್ನಾಟಕದ್ದು. ಅಭಯಚಂದ್ರನ ಮಂದಪ್ರಬೋಧಿಕೆ ಸಂಸ್ಕೃತದಲ್ಲಿದೆ. ಕೇಶವವರ್ಣಿಯು 1359ರಲ್ಲಿ ಮುಗಿಸಿದ ವೃತ್ತಿ ಕನ್ನಡದಲ್ಲಿದೆ. ಅರೇಹಳ್ಳಿ, ಹಳೇಬೀಡುಗಳಿರುವ ಬೇಲೂರು ಸೀಮೆಯ ಶಾಸನಗಳು ಹೆಸರಿಸುವ ಅಭಯಚಂದ್ರನೇ ಆ ವ್ಯಾಖ್ಯಾನಕಾರನೆಂದು ಆ. ನೇ. ಉಪಾಧ್ಯೆಯವರು ಅಭಿಪ್ರಾಯಪಟ್ಟರು. ಹೀಗೆ ಪ್ರಾಕೃತದ ಗಾಥೆಯೊಂದು ಸಂಸ್ಕೃತಜ್ಞರ ಹಾಗೂ ಕನ್ನಡ ಲಿಪಿಕಾರರ ಕೈಗಳಲ್ಲಿ ಹಾದುಬಂದಿದೆ. ಪಾಠದ ಅಪಾಯವೂ ಇಲ್ಲಿಯೇ ಇದೆ.

ವಸತಿಯು ಬಸದಿಯಾದ ನಾಡಿನಲ್ಲಿ ಗಾಥೆಯ ‘ವಿಮಲ’ವನ್ನು ‘ಬಿಮಲ’ವೆಂದು ಬರೆಯುವುದು ಸಹಜ, ಅರ್ಥ ಕೆಡದು. ಆದರೆ ವಕಾರ 4, ಬಕಾರ 3. ಆ ಅಕ್ಷರವು ಕೋಟಿಯ ಸ್ಥಾನದಲ್ಲಿರುವುದರಿಂದ ಸಂಖ್ಯೆಯಲ್ಲಿ ಒಂದು ಕೋಟಿ ಕಡಿಮೆಯಾಗುತ್ತದೆ. ಪ್ರಾಕೃತದ ‘ಸಿಲಾ’ ಎಂಬುದನ್ನು ಸಂಸ್ಕೃತಜ್ಞನು ‘ಶಿಲಾ’ ಎಂದು ತಿದ್ದಿದರೆ 7 ಹೋಗಿ 5 ಬರುತ್ತದೆ. ಆಗ ಕಡಿಮೆಯಾಗುವುದು ಎರಡು ಲಕ್ಷ ಕೋಟಿ. ಭಾಷೆಯ ದೃಷ್ಟಿಯಿಂದ ನಿರ್ದೋಷವಾದ ಪಾಠವು ಗಣಿತದಲ್ಲಿ ಅಶುದ್ಧವಾಗುವುದು ಹೀಗೆ.

ಇದನ್ನು ಪತ್ತೆಹಚ್ಚುವ ಸಾಧನ ಸಿದ್ಧಾಂತದಲ್ಲಿಯೇ ಇದೆ. 2ರಿಂದ ತೊಡಗಿ ಮತ್ತೆಮತ್ತೆ ವರ್ಗಿಸಿದರೆ ಐದನೆಯ ವರ್ಗ ‘ಬಾದಾಲ’, ಎಂದರೆ 4294967296. ಅದರ ಘನವೇ ಈ ಸಂಖ್ಯೆ. ಆದುದರಿಂದ ಇದರ ಅರ್ಧಚ್ಛೇದಗಳು 96: ತೊಂಬತ್ತಾರು ಸಲ ಅರ್ಧಿಸಿದರೆ ನಡುವೆಲ್ಲಿಯೂ ಬೆಸಸಂಖ್ಯೆ ಬಾರದೆ 1 ಉಳಿಯುತ್ತದೆ. ‘ಬಿಮಲ’ ಪಾಠದ ಸಂಖ್ಯೆಯಾದರೋ ಏಳನೆಯ ಅರ್ಧಕ್ಕೇ ಬೆಸವಾಗಿ ನಿಲ್ಲುತ್ತದೆ. ‘ಶಿಲಾ’ ಪಾಠದ್ದು ಹದಿಮೂರನೆಯದಕ್ಕೆ. ಹತ್ತು ಪ್ರತಿಗಳು ಏಕಕಂಠದಿಂದ ‘ಶಿಲಾ’ ಎಂದರೂ ಆ ಪಾಠವನ್ನು ಮೂಲವೆಂದು ಸ್ವೀಕರಿಸುವಂತಿಲ್ಲ.

ಆದರೂ ಗಣಿತಕ್ಕೆ ಮಿತಿಯುಂಟು. ತಕಾರ, ಚಕಾರಗಳೆರಡರ ಬೆಲೆಯೂ 6. ‘ಚೋರ’ ಎಂಬಲ್ಲಿ ಚೋಕಾರದ ಬದಲು ತೋಕಾರವಿದ್ದರೂ ಸಂಖ್ಯೆ ಕದಲದು. ಅಲ್ಲಿ ಅರ್ಥವೇ ತೀರ್ಪು ಹೇಳಬೇಕು. ಮೇಲಾಗಿ ಗಣಿತವು ಕವಿಯ ಪಾಠವನ್ನು ತೋರಿಸೀತೇ ಹೊರತು ಲಿಪಿಕಾರನು ಬರೆದುದನ್ನಲ್ಲ. ತಪ್ಪಿದ ಅಕ್ಷರವು ಪ್ರತಿಗಳ ಪರಸ್ಪರ ಸಂಬಂಧಕ್ಕೆ ಸಾಕ್ಷಿಯಾದುದರಿಂದ ಅದನ್ನು ಮೌನವಾಗಿ ತಿದ್ದುವುದು ಆ ಸಾಕ್ಷಿಯನ್ನು ಅಳಿಸಿದಂತೆ. ಶುದ್ಧ ಸಂಖ್ಯೆಯನ್ನು ಮೂಲದಲ್ಲಿಯೂ ಭಿನ್ನ ಅಕ್ಷರವನ್ನು ಅದರ ಬೆಲೆಯೊಡನೆ ಪಾಠಾಂತರಗಳಲ್ಲಿಯೂ ಕೊಡುವುದೇ ಇಂತಹ ಗಾಥೆಗಳ ಸಂಪಾದನೆಗೆ ಯುಕ್ತವಾದ ಮಾರ್ಗ.