ಸಹಿ ಹಾಕಿದ ಕೈ: ಶಾ ಆಯೋಗದ ವರದಿಯನ್ನು ಕೇರಿಯಿಂದ ಓದಿದಾಗ

1977ರ ಮೇ 28ರಂದು ಜನತಾ ಸರ್ಕಾರ ನ್ಯಾಯಮೂರ್ತಿ ಜೆ.ಸಿ. ಶಾ ಅವರ ಆಯೋಗವನ್ನು ನೇಮಿಸಿತು. ತುರ್ತುಪರಿಸ್ಥಿತಿಯ ಇಪ್ಪತ್ತೊಂದು ತಿಂಗಳಲ್ಲಿ ಅಧಿಕಾರದ ದುರುಪಯೋಗ ಹೇಗೆ ನಡೆಯಿತು, ಯಾರು ಮಾಡಿದರು, ಯಾರು ಮಾಡಿಸಿದರು ಅನ್ನೋದನ್ನು ಪತ್ತೆ ಮಾಡೋದು ಅದರ ಕೆಲಸ. ಅದರ ಹಿಂದಿನ ದಿನವೇ, ಮೇ 27ರಂದು, ಬಿಹಾರದ ಬೆಲ್ಚಿ ಎಂಬ ಹಳ್ಳಿಯಲ್ಲಿ ಹನ್ನೊಂದು ಜನರನ್ನು ಕೊಂದು ಬೆಂಕಿಗೆ ಹಾಕಿದ್ದರು. ಅವರಲ್ಲಿ ಎಂಟು ಜನ ದಲಿತರು. ಇದು ಎರಡು ಗುಂಪುಗಳ ಹೊಡೆದಾಟ, ಜಾತಿಯ ಸಂಗತಿ ಅಲ್ಲ ಅಂತ ಸರ್ಕಾರ ಮೊದಲು ಹೇಳಿತು. ಸಂಸದರ ತಂಡವೊಂದು ಹೋಗಿ ನೋಡಿಬಂದ ಮೇಲೆ ಆ ಮಾತು ಸುಳ್ಳಾಯಿತು.

ಈ ಎರಡು ತಾರೀಖುಗಳನ್ನು ಯಾವ ಸರ್ಕಾರಿ ದಾಖಲೆಯೂ ಒಟ್ಟಿಗೆ ಇಟ್ಟಿಲ್ಲ. ನಾವು ಇಡುತ್ತಿದ್ದೇವೆ. ಹಿಂದಿನ ಸರ್ಕಾರದ ಅಧಿಕಾರಿಗಳಿಂದ ಲೆಕ್ಕ ಕೇಳಬೇಕು ಅನ್ನುವ ಮಾತು ನ್ಯಾಯವಾದದ್ದೇ. ಆದರೆ ಲೆಕ್ಕ ಕೇಳುವವನ ಮನೆಯ ಹಿತ್ತಲಲ್ಲಿ ಏನು ಉರೀತಿದೆ ಅಂತಲೂ ನೋಡಬೇಕಾಗುತ್ತದೆ.

ಶಾ ಆಯೋಗದ ವರದಿ ಮೂರು ಭಾಗಗಳಲ್ಲಿ ಬಂತು. 1978ರ ಮಾರ್ಚಿನಲ್ಲಿ ಒಂದು, ಏಪ್ರಿಲಿನಲ್ಲಿ ಒಂದು, ಆಗಸ್ಟಿನಲ್ಲಿ ಕೊನೆಯದು. ಆಯೋಗಕ್ಕೆ ಬಂದ ದೂರುಗಳು ಸುಮಾರು 48 ಸಾವಿರ. ಮೀಸಾ ಮತ್ತು ಭಾರತ ರಕ್ಷಣಾ ನಿಯಮಗಳ ಅಡಿಯಲ್ಲಿ ಒಂದು ಲಕ್ಷಕ್ಕೂ ಮಿಕ್ಕ ಜನರನ್ನು ಒಳಗೆ ಹಾಕಿದ್ದರು ಅನ್ನುವ ಲೆಕ್ಕ ಸಿಗೋದು ಈ ವರದಿಯಲ್ಲೇ. ಇಂಥ ಪುಸ್ತಕವನ್ನು ವಕೀಲರು ಓದುವ ರೀತಿ ಬೇರೆ, ನಾವು ಓದುವ ರೀತಿ ಬೇರೆ. ನಾವು ಇದನ್ನು ಒಂದು ಕೃತಿಯ ಹಾಗೆ ಓದಿದ್ದೇವೆ. ಇದರಲ್ಲಿ ಯಾರಿಗೆ ಹೆಸರಿದೆ, ಯಾರು ಬರೀ ಅಂಕಿ, ಯಾರ ಮಾತಿಗೆ ಎಷ್ಟು ಜಾಗ ಅಂತ ನೋಡುತ್ತಾ ಓದಿದ್ದೇವೆ.

ಮೊದಲು ಮೆಚ್ಚಬೇಕಾದ್ದನ್ನು ಮೆಚ್ಚೋಣ. ನಮ್ಮ ಕಚೇರಿಗಳ ಕನ್ನಡ ಎಲ್ಲರಿಗೂ ಗೊತ್ತು. 'ಆದೇಶಿಸಲಾಗಿದೆ', 'ಕ್ರಮ ಜರುಗಿಸಲಾಗಿದೆ', 'ಗುಡಿಸಲುಗಳನ್ನು ತೆರವುಗೊಳಿಸಲಾಗಿದೆ'. ಆ ವಾಕ್ಯಗಳಲ್ಲಿ ಕೆಲಸ ಇರುತ್ತದೆ, ಮಾಡಿದವನು ಇರೋದಿಲ್ಲ. ಗುಡಿಸಲು ತಾನೇ ಎದ್ದು ಹೋದ ಹಾಗೆ. ಇಂಗ್ಲಿಷಿನ ಫೈಲೂ ಹಾಗೇ ಮಾತಾಡುತ್ತದೆ. ಶಾ ಆಯೋಗ ಮಾಡಿದ ದೊಡ್ಡ ಕೆಲಸ ಅಂದರೆ ಆ ವಾಕ್ಯಗಳ ಒಳಕ್ಕೆ ಮನುಷ್ಯನನ್ನು ಎಳೆದು ತಂದು ಕೂರಿಸಿದ್ದು. ದೆಹಲಿಯ ಪಟಿಯಾಲ ಹೌಸಿನಲ್ಲಿ, ಎಲ್ಲರೆದುರಿಗೆ, ಸಹಿ ಯಾರದು, ಯಾರು ಫೋನು ಮಾಡಿದರು, ಕಾರಣ ಬರೆದದ್ದು ದಸ್ತಗಿರಿಗೆ ಮೊದಲೋ ಆಮೇಲೋ ಅಂತ ಕೇಳಿತು.

ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಪ್ರಸಂಗ ನೋಡಿ. 1975ರ ಸೆಪ್ಟೆಂಬರಿನಲ್ಲಿ ಪೋಲೀಸರು ಅಲ್ಲಿನ ವಿದ್ಯಾರ್ಥಿ ಸಂಘದ ಅಧ್ಯಕ್ಷ ಡಿ.ಪಿ. ತ್ರಿಪಾಠಿಯನ್ನು ಹಿಡಿಯಲು ಬಂದು ಪ್ರಬೀರ್ ಪುರಕಾಯಸ್ಥ ಎಂಬ ಬೇರೆ ವಿದ್ಯಾರ್ಥಿಯನ್ನು ಕಾರಿನಲ್ಲಿ ಹಾಕಿಕೊಂಡು ಹೋದರು. ತಪ್ಪಾಗಿದೆ ಅಂತ ಗೊತ್ತಾದ ಮೇಲೂ ಬಿಡಲಿಲ್ಲ. ಮೀಸಾ ಆಜ್ಞೆಗೆ ಸಹಿ ಹಾಕಬೇಕಾದ ಮ್ಯಾಜಿಸ್ಟ್ರೇಟರು ಹಿಂದೆಮುಂದೆ ನೋಡಿದರು. ಮೇಲಿನಿಂದ ಒತ್ತಡ ಬಂತು. ಸಹಿ ಬಿತ್ತು. ಹುಡುಗ ಸುಮಾರು ಒಂದು ವರ್ಷ ಜೈಲಿನಲ್ಲಿದ್ದ. ಇಲ್ಲಿ ಹಿಟ್ಲರನಿಲ್ಲ, ರಾಕ್ಷಸನಿಲ್ಲ. ಇರುವವನು ಓದಿದ, ನಯವಂತ, ಬಹುಶಃ ಮನೆಯಲ್ಲಿ ಒಳ್ಳೆಯ ಗಂಡನೂ ಆದ ಒಬ್ಬ ಅಧಿಕಾರಿ. ತನ್ನನ್ನು ತಾನು ಉಳಿಸಿಕೊಳ್ಳುವ ಆಸೆಯೇ ನೌಕರಶಾಹಿಯನ್ನು ನಡೆಸುವ ಏಕೈಕ ಶಕ್ತಿಯಾಗಿತ್ತು ಅನ್ನುವ ಅರ್ಥದ ಮಾತನ್ನು ವರದಿ ಹೇಳುತ್ತದೆ. ನಿಜ.

ಆದರೆ ವರದಿ ಇಲ್ಲಿಗೆ ನಿಲ್ಲುತ್ತದೆ, ನಮ್ಮ ತಕರಾರು ಶುರುವಾಗೋದು ಇಲ್ಲಿಂದಲೇ. ಭಯ ಮೇಲಿನಿಂದ ಕೆಳಕ್ಕೆ ಇಳಿದು ಬಂತಲ್ಲ, ಕೊನೆಗೆ ಬಂದು ಯಾರ ಮೈಮೇಲೆ ನಿಂತಿತು?

ಸಂತಾನಹರಣದ ಅಧ್ಯಾಯ ಮೂರನೇ ಭಾಗದಲ್ಲಿದೆ, ರಾಜ್ಯವಾರು ಇದೆ. ದೇಶದಲ್ಲಿ 1976-77ರ ಒಂದೇ ವರ್ಷ 80 ಲಕ್ಷಕ್ಕೂ ಹೆಚ್ಚು ಆಪರೇಷನ್ನುಗಳಾದವು. ಹಿಂದಿನ ವರ್ಷದ್ದಕ್ಕೆ ಸುಮಾರು ಮೂರು ಪಟ್ಟು. ಆಪರೇಷನ್ನಿನ ಸಂಬಂಧದಲ್ಲಿ ಸತ್ತರು ಅಂತ ಬಂದ ದೂರುಗಳು 1,774. ಮದುವೆಯೇ ಆಗದವರಿಗೂ ಮಾಡಿದರು ಅಂತ ಐನೂರಕ್ಕೂ ಮೇಲೆ ದೂರುಗಳಿವೆ. ಹರಿಯಾಣದ ಉತ್ತಾವರ್ ಎಂಬ ಮೇವ್ ಮುಸಲ್ಮಾನರ ಹಳ್ಳಿಯನ್ನು 1976ರ ನವೆಂಬರಿನಲ್ಲಿ ಬೆಳಗಿನ ಜಾವ ಪೋಲೀಸರು ಸುತ್ತುಗಟ್ಟಿ, ಗಂಡಸರನ್ನು ವಾಹನಗಳಿಗೆ ತುಂಬಿ ಠಾಣೆಗೆ ಒಯ್ದು, ಅಲ್ಲಿಂದ ಆಪರೇಷನ್ನಿಗೆ ಕಳಿಸಿದರು. ಊರಿನ ಕರೆಂಟನ್ನು ಅದಕ್ಕೂ ಮೊದಲೇ ಕಿತ್ತಿದ್ದರು.

ಈ ಕೆಲಸಕ್ಕೆ ಪೋಲೀಸರಷ್ಟೇ ಸಾಲಲಿಲ್ಲ. ಉತ್ತರ ಪ್ರದೇಶ, ಬಿಹಾರಗಳಲ್ಲಿ ಪ್ರೈಮರಿ ಶಾಲೆಯ ಮೇಷ್ಟ್ರುಗಳಿಗೂ ಇಷ್ಟಿಷ್ಟು 'ಕೇಸು' ತರಬೇಕು ಅಂತ ಗುರಿ ಕೊಟ್ಟರು. ತರದಿದ್ದರೆ ಸಂಬಳ ಇಲ್ಲ. ಸಂಬಳ ನಿಲ್ಲಿಸಿದ್ದೂ ಉಂಟು. ನಮ್ಮ ಓದುಗರಲ್ಲಿ ಮೇಷ್ಟ್ರುಗಳು ಬಹಳ. ಅವರು ಸ್ವಲ್ಪ ಹೊತ್ತು ಆ ಮೇಷ್ಟ್ರ ಜಾಗದಲ್ಲಿ ನಿಂತು ನೋಡಬೇಕು ಅಂತ ಕೇಳುತ್ತೇವೆ. ಮನೆಯಲ್ಲಿ ಹೆಂಡತಿ ಮಕ್ಕಳು. ಎರಡು ತಿಂಗಳ ಸಂಬಳ ಬಂದಿಲ್ಲ. ಈಗ ಕೇಸು ಹುಡುಕಿಕೊಂಡು ಹೊರಟ. ಯಾರ ಮನೆ ಬಾಗಿಲಿಗೆ ಹೋದಾನು? ಪಟೇಲನ ಮನೆಗೆ ಹೋಗುತ್ತಾನೆಯೇ? ಅಂಗಡಿ ಸಾಹುಕಾರನಿಗೆ ಬಾರಪ್ಪಾ ಆಪರೇಷನ್ನಿಗೆ ಅನ್ನುತ್ತಾನೆಯೇ? ಕೇರಿಯ ಕಡೆಗೇ ತಿರುಗುತ್ತಾನೆ. ಕೂಲಿಯವನು, ಜೀತದವನು, ಪೋಲೀಸರ ಹೆಸರು ಕೇಳಿದರೇ ಎದ್ದು ನಿಲ್ಲುವವನು ಅವನಿಗೆ ಸಿಕ್ಕುತ್ತಾನೆ. ಡಿಸ್ಟ್ರಿಕ್ಟ್ ಮ್ಯಾಜಿಸ್ಟ್ರೇಟ್ ಮುಖ್ಯಮಂತ್ರಿಗೆ ಹೆದರಿದ, ಬಿ.ಡಿ.ಓ. ಅವನಿಗೆ ಹೆದರಿದ, ಮೇಷ್ಟ್ರು ಇವನಿಗೆ ಹೆದರಿದ. ಹೆದರಿಸಲು ಯಾರೂ ಇಲ್ಲದವನು ಮಾತ್ರ ಟೇಬಲ್ಲಿನ ಮೇಲೆ ಮಲಗಿದ. ವರದಿಯಲ್ಲಿ ಈ ಮೆಟ್ಟಿಲುಗಳೆಲ್ಲ ಹುದ್ದೆಯ ಮೆಟ್ಟಿಲುಗಳಾಗಿ ಕಾಣುತ್ತವೆ. ಕೇರಿಯಿಂದ ನೋಡಿದರೆ ಅವು ಜಾತಿಯ ಮೆಟ್ಟಿಲುಗಳೂ ಹೌದು.

ಆ ಮೇಷ್ಟ್ರನ್ನೂ ಡಿ.ಎಂ. ಸಾಹೇಬನನ್ನೂ ಒಂದೇ ಕಟಕಟೆಯಲ್ಲಿ ನಿಲ್ಲಿಸಬೇಕು ಅಂತ ನಾವು ಹೇಳುತ್ತಿಲ್ಲ. ಸಂಬಳ ನಿಂತವನ ಭಯ ಬೇರೆ, ಬಡ್ತಿ ನಿಂತೀತು ಅನ್ನುವವನ ಭಯ ಬೇರೆ. 'ಮೇಲಿನ ಹುಕುಂ ಆಗಿತ್ತು' ಅನ್ನುವ ಮಾತಿಗೆ ಮೇಷ್ಟ್ರ ಬಾಯಲ್ಲಿ ಸ್ವಲ್ಪ ತೂಕ ಇದೆ. ಹುಕುಂ ಕಾನೂನಿಗೆ ಸರಿಯೋ ತಪ್ಪೋ ಅಂತ ನೋಡಲಿಕ್ಕೇ ಸಂಬಳ ತಿನ್ನುವ ಐ.ಎ.ಎಸ್. ಅಧಿಕಾರಿಯ ಬಾಯಲ್ಲಿ ಅದಕ್ಕೆ ಯಾವ ತೂಕವೂ ಇಲ್ಲ. ಆಯೋಗದ ಮುಂದೆ ಆದದ್ದೇನು? ಕೆಳಗಿನವರು ಮೇಲಿನವರತ್ತ ಬೊಟ್ಟು ಮಾಡಿದರು, ಮೇಲಿನವರು ಇನ್ನೂ ಮೇಲಕ್ಕೆ. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿದ ಕತೆ. ತೀರಾ ಮೇಲಿದ್ದ ಇಂದಿರಾ ಗಾಂಧಿಯವರು 1978ರ ಜನವರಿಯಲ್ಲಿ ಆಯೋಗಕ್ಕೆ ಬಂದರು, ಪ್ರಮಾಣ ಮಾಡಿ ಹೇಳಿಕೆ ಕೊಡುವುದಿಲ್ಲ ಅಂದರು, ಹೋದರು.

ಕಾನೂನೇ ಹಾಗಿತ್ತು ಅನ್ನೋದನ್ನೂ ನಮ್ಮ ಕಾರ್ಯಕರ್ತರು ತಿಳಿದಿರಬೇಕು. 1952ರ ವಿಚಾರಣಾ ಆಯೋಗಗಳ ಕಾಯಿದೆಯಲ್ಲಿ ಆಯೋಗಕ್ಕೆ ಶಿಕ್ಷೆ ಕೊಡುವ ಅಧಿಕಾರ ಇಲ್ಲ. ಅದರ ಆರನೇ ಕಲಮಿನ ಪ್ರಕಾರ, ಅಲ್ಲಿ ಕೊಟ್ಟ ಹೇಳಿಕೆಯನ್ನು ಆಮೇಲೆ ಕೋರ್ಟಿನಲ್ಲಿ ಹೇಳಿದವನ ವಿರುದ್ಧ ಬಳಸುವ ಹಾಗಿಲ್ಲ, ಸುಳ್ಳು ಸಾಕ್ಷಿಯ ಕೇಸೊಂದನ್ನು ಬಿಟ್ಟು. ಸರ್ಕಾರಗಳಿಗೆ ಆಯೋಗ ಅಂದರೆ ಇಷ್ಟೊಂದು ಪ್ರೀತಿ ಯಾಕೆ ಅನ್ನೋದು ಈ ಒಂದು ಕಲಮಿನಿಂದ ಅರ್ಥವಾಗುತ್ತದೆ. ವಿಶೇಷ ನ್ಯಾಯಾಲಯಗಳ ಕಾಯಿದೆ ಬಂದದ್ದು 1979ರಲ್ಲಿ, ಜನತಾ ಸರ್ಕಾರವೇ ಮುರಿದು ಬೀಳುವ ಹೊತ್ತಿಗೆ. 1980ರ ಜನವರಿಯಲ್ಲಿ ಇಂದಿರಾ ಗಾಂಧಿ ಮರಳಿ ಬಂದರು, ಆ ಕೇಸುಗಳು ಸತ್ತವು. ವರದಿಯ ಪ್ರತಿಗಳೂ ಕಣ್ಮರೆಯಾದವು. 2010ರಲ್ಲಿ ತಮಿಳುನಾಡಿನ ಇರಾ ಸೆಳಿಯನ್ ತಮ್ಮ ಹತ್ತಿರ ಉಳಿದಿದ್ದ ಪ್ರತಿಯಿಂದ ಮತ್ತೆ ಅಚ್ಚು ಹಾಕಿಸದಿದ್ದರೆ ಇವತ್ತು ಓದೋಕೂ ಸಿಗುತ್ತಿರಲಿಲ್ಲವೇನೋ.

ಇದಕ್ಕೆ ಹೋಲಿಸಿ ಕೇರಳದ ಒಬ್ಬ ತಂದೆಯನ್ನು ನೋಡಿ. ಕಲ್ಲಿಕೋಟೆಯ ಇಂಜಿನಿಯರಿಂಗ್ ಕಾಲೇಜಿನ ಹುಡುಗ ರಾಜನ್‌ನನ್ನು 1976ರ ಮಾರ್ಚಿನಲ್ಲಿ ಪೋಲೀಸರು ಹಿಡಿದುಕೊಂಡು ಹೋದರು, ಅವನು ತಿರುಗಿ ಬರಲಿಲ್ಲ. ತಂದೆ ಈಚರ ವಾರಿಯರ್ ನಿವೃತ್ತ ಮೇಷ್ಟ್ರು. ತುರ್ತುಪರಿಸ್ಥಿತಿ ಮುಗಿದ ಕೂಡಲೇ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಮಗನ ಹೆಣ ಸಿಗಲಿಲ್ಲ. ಆದರೆ ಆಗತಾನೇ ಮುಖ್ಯಮಂತ್ರಿಯಾಗಿದ್ದ ಕೆ. ಕರುಣಾಕರನ್ ಒಂದು ತಿಂಗಳಿಗೇ ರಾಜೀನಾಮೆ ಕೊಡಬೇಕಾಯಿತು. ಅವರು ಆಮೇಲೆ ಮತ್ತೆ ಮತ್ತೆ ಮುಖ್ಯಮಂತ್ರಿಯಾದರು, ಅದು ಬೇರೆ ಮಾತು. ಒಂದು ಅರ್ಜಿ, ಒಂದು ಹೆಸರು, ಒಂದು ತಾರೀಖು, ಒಂದು ಠಾಣೆ. 48 ಸಾವಿರ ದೂರುಗಳ ಗಂಟು ಮಾಡದಿದ್ದನ್ನು ಅದು ಮಾಡಿತು.

ನಮ್ಮ ನಾಡಿನ ಮಾತು ಬಂದರೆ ನಾಲಗೆ ತೊಡರುತ್ತದೆ. ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿ ಸ್ನೇಹಲತಾ ರೆಡ್ಡಿ ಆಸ್ತಮಾದಿಂದ ಒದ್ದಾಡಿದರು, 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಹೊರಬಂದು ಐದೇ ದಿನದಲ್ಲಿ ತೀರಿಕೊಂಡರು. ಜಾರ್ಜ್ ಎಲ್ಲಿ ಹೇಳು ಅಂತ ತಮ್ಮ ಲಾರೆನ್ಸ್ ಫರ್ನಾಂಡಿಸರನ್ನು ಪೋಲೀಸರು ಬಡಿದು ಮುರಿದದ್ದೂ ಇದೇ ಊರಿನಲ್ಲಿ. ಹೀಗಿದ್ದೂ 1977ರ ಮಾರ್ಚಿನಲ್ಲಿ ಉತ್ತರ ಭಾರತ ಕಾಂಗ್ರೆಸ್ಸನ್ನು ಗುಡಿಸಿ ಹಾಕಿದಾಗ ಕರ್ನಾಟಕ 28ರಲ್ಲಿ 26 ಸೀಟು ಕಾಂಗ್ರೆಸ್ಸಿಗೇ ಕೊಟ್ಟಿತು. 1978ರ ನವೆಂಬರಿನಲ್ಲಿ ಚಿಕ್ಕಮಗಳೂರು ಇಂದಿರಾ ಗಾಂಧಿಯವರನ್ನೇ ಗೆಲ್ಲಿಸಿ ಕಳಿಸಿತು. ಇದನ್ನು ನೋಡಿ ಪೇಟೆಯ ಓದಿದವರು ಹಳ್ಳಿಯ ಜನಕ್ಕೆ ಬುದ್ಧಿಯಿಲ್ಲ ಅಂದರು.

ಬುದ್ಧಿ ಇತ್ತು. ಅದೇ ಇಪ್ಪತ್ತೊಂದು ತಿಂಗಳಲ್ಲಿ ಇಲ್ಲಿ ಗೇಣಿದಾರ ಭೂನ್ಯಾಯ ಮಂಡಲಿಯ ಮುಂದೆ ನಿಂತು ಉಳುವ ನೆಲ ತನ್ನದು ಅಂದ. ಜೀತ ಕಾನೂನಿನಲ್ಲಾದರೂ ರದ್ದಾಯಿತು. ಹಾವನೂರ್ ವರದಿ ಬಂತು. ಗೇಣಿಯೂ ಇಲ್ಲದ, ಬರೀ ಕೂಲಿಯ ದಲಿತನಿಗೆ ಅರಸರ ಭೂಸುಧಾರಣೆಯಲ್ಲಿ ದಕ್ಕಿದ್ದು ಕಡಿಮೆ, ಇದನ್ನು ನಾವು ಹೇಳದೆ ಬಿಡುವುದಿಲ್ಲ. ಆದರೂ ಧಣಿ ಒಂದಿಷ್ಟು ದಿನ ದನಿ ತಗ್ಗಿಸಿದ್ದನ್ನು ಕೇರಿ ಕಂಡಿತ್ತು. ಪತ್ರಿಕೆಯ ಸ್ವಾತಂತ್ರ್ಯ ಹೋಯಿತು ಅಂತ ಅತ್ತವರು ಕೇರಿಯಲ್ಲಿ ಅದಕ್ಕೂ ಮೊದಲು ಯಾವ ಸ್ವಾತಂತ್ರ್ಯ ಇತ್ತು ಅಂತ ಯೋಚಿಸಿದವರಲ್ಲ. ಹಾಗಂತ ತುರ್ತುಪರಿಸ್ಥಿತಿ ಬಡವರ ಪಾಲಿಗೆ ಒಳ್ಳೆಯದಾಗಿತ್ತು ಅನ್ನುವ ಕೆಲವು ಗೆಳೆಯರ ವಾದವನ್ನು ನಾವು ಒಪ್ಪುವುದಿಲ್ಲ. ಉತ್ತಾವರಿನವರೂ ಬಡವರೇ. ದೆಹಲಿಯಲ್ಲಿ ನೆಲಸಮವಾದ ಸುಮಾರು ಒಂದೂವರೆ ಲಕ್ಷ ಕಟ್ಟಡಗಳಲ್ಲಿ, ಗುಡಿಸಲುಗಳಲ್ಲಿ ಇದ್ದವರೂ ಬಡವರೇ. ಕೊಡುವ ಕೈಗೆ ಲೆಕ್ಕ ಕೇಳುವವರಿಲ್ಲದಿದ್ದರೆ ಅದೇ ಕೈ ಹೊಡೆಯುತ್ತದೆ. ಆಗಲೂ ಕೇಳುವವರಿರುವುದಿಲ್ಲ.

ಲೆಕ್ಕ ಕೇಳುವ ವಿಚಾರದಲ್ಲಿ ನಮ್ಮ ರಾಜ್ಯ ಆಡಿದ ಆಟವೂ ಮರೆಯುವಂಥದ್ದಲ್ಲ. ಕೇಂದ್ರ 1977ರ ಮೇ ತಿಂಗಳಲ್ಲಿ ದೇವರಾಜ ಅರಸರ ಮೇಲಿನ ಆರೋಪಗಳಿಗೆ ಗ್ರೋವರ್ ಆಯೋಗ ನೇಮಿಸುವ ಸುಳಿವು ಸಿಕ್ಕಾಗ ರಾಜ್ಯವೇ ಅದಕ್ಕೆ ಕೆಲವು ದಿನ ಮೊದಲು ತನ್ನದೊಂದು ಆಯೋಗ ನೇಮಿಸಿಕೊಂಡಿತು. ಆಮೇಲೆ ರಾಜ್ಯದ ಹಕ್ಕಿಗೆ ಧಕ್ಕೆಯಾಯಿತು ಅಂತ ಸುಪ್ರೀಂ ಕೋರ್ಟಿಗೆ ಹೋಗಿ ಸೋತಿತು. ತನ್ನ ತಪ್ಪನ್ನು ತಾನೇ ವಿಚಾರಿಸಿಕೊಳ್ಳುತ್ತೇನೆ ಅನ್ನುವ ಚಾಳಿ ಎಲ್ಲ ಪಕ್ಷಗಳದ್ದೂ.

ಈಗ ಅಧಿಕಾರಿಗಳು ಏನಾದರು ನೋಡೋಣ. ಕಟ್ಟಡ ಕೆಡವುವ ವಿಷಯದಲ್ಲಿ ತಾನೇ ಕಾನೂನು ಎಂಬಂತೆ ನಡೆದರು ಅಂತ ಆಯೋಗ ಹೇಳಿದ ಜಗಮೋಹನ್ 1984ರಲ್ಲಿ ಕಾಶ್ಮೀರದ ರಾಜ್ಯಪಾಲರು. ಆಮೇಲೆ ವಾಜಪೇಯಿ ಸರ್ಕಾರದಲ್ಲಿ ನಗರಾಭಿವೃದ್ಧಿ ಮಂತ್ರಿ. 2016ರಲ್ಲಿ ಪದ್ಮವಿಭೂಷಣ. ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರು ಜೈಲಿನಲ್ಲಿದ್ದ ವಾಜಪೇಯಿಯವರೇ ಅವರನ್ನು ಮಂತ್ರಿ ಮಾಡಿದ್ದು. ಜೆ.ಎನ್.ಯು. ದಸ್ತಗಿರಿಯಲ್ಲಿ ಹೆಸರು ಬಂದ ಪೋಲೀಸ್ ಅಧಿಕಾರಿ ಭಿಂಡರ್ 1980ರಲ್ಲಿ ದೆಹಲಿಯ ಪೋಲೀಸ್ ಕಮಿಷನರು. ನ್ಯಾಯಬುದ್ಧಿ ಬೇಕಾದ ಯಾವ ಸಾರ್ವಜನಿಕ ಹುದ್ದೆಗೂ ಯೋಗ್ಯರಲ್ಲ ಅಂತ ಆಯೋಗ ಬರೆದ ನವೀನ್ ಚಾವ್ಲಾ 2009ರಲ್ಲಿ ದೇಶದ ಮುಖ್ಯ ಚುನಾವಣಾ ಆಯುಕ್ತರು. ದೆಹಲಿಯ ಲೆಫ್ಟಿನೆಂಟ್ ಗವರ್ನರ್ ಆಗಿದ್ದ ಕಿಶನ್ ಚಂದ್ ಒಬ್ಬರು 1978ರ ಜುಲೈನಲ್ಲಿ ಬಾವಿಗೆ ಬಿದ್ದು ಪ್ರಾಣ ಕಳೆದುಕೊಂಡರು. ಅದನ್ನು ನ್ಯಾಯ ಅಂತ ಕರೆಯಲು ನಮಗೆ ಮನಸ್ಸಿಲ್ಲ.

ಸರ್ಕಾರ ಬದಲಾದಾಗ ಮಂತ್ರಿ ಹೋಗುತ್ತಾನೆ, ಅಧಿಕಾರಿ ವರ್ಗವಾಗುತ್ತಾನೆ. ಹೊಸ ಮಂತ್ರಿಗೆ ಹಳೆಯ ಅಧಿಕಾರಿ ಬೇಕು, ಯಾಕೆಂದರೆ ನಾಳೆ ಇವನ ಕೆಲಸವನ್ನೂ ಅವನೇ ಮಾಡಿಕೊಡಬೇಕಲ್ಲ. ಜನತಾ ಸರ್ಕಾರದ ಕೋಪ ಒಂದು ಮನೆತನದ ಮೇಲಿತ್ತು, ಆಡಳಿತಯಂತ್ರದ ಮೇಲಿರಲಿಲ್ಲ. 1977ರ ಅಕ್ಟೋಬರ್ 3ರಂದು ಇಂದಿರಾ ಗಾಂಧಿಯವರನ್ನು ಬಂಧಿಸಿದರು, ಮಾರನೇ ದಿನವೇ ಮ್ಯಾಜಿಸ್ಟ್ರೇಟರು ಬಿಟ್ಟರು. ಆ ಗದ್ದಲದಲ್ಲಿ ಉತ್ತಾವರಿಗೆ ವಾಹನ ಕಳಿಸಿದವನು ತಣ್ಣಗೆ ಕಚೇರಿಗೆ ಹೋಗಿ ಕೂತಿದ್ದ.

ನಮ್ಮ ಕೈಯಲ್ಲಿ ಇರುವ ಆಯುಧ ಯಾವುದು ಅಂತ ಕಾರ್ಯಕರ್ತರು ಕೇಳುತ್ತಾರೆ. 1989ರ ದೌರ್ಜನ್ಯ ತಡೆ ಕಾಯಿದೆಯ ನಾಲ್ಕನೇ ಕಲಮನ್ನು ಓದಿ. ಪರಿಶಿಷ್ಟರ ದೂರನ್ನು ದಾಖಲು ಮಾಡಿಕೊಳ್ಳದ, ಬೇಕೆಂದೇ ಕರ್ತವ್ಯ ಬಿಟ್ಟ ಸರ್ಕಾರಿ ನೌಕರನಿಗೆ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು ಅಂತ ಅದು ಹೇಳುತ್ತದೆ. 2015ರ ತಿದ್ದುಪಡಿ ಆ ಕರ್ತವ್ಯಗಳನ್ನು ಒಂದೊಂದಾಗಿ ಬರೆದಿದೆ. ಬಾಯಲ್ಲಿ ಹೇಳಿದ ದೂರನ್ನು ಬರೆದುಕೊಂಡು ಓದಿ ಹೇಳಬೇಕು, ಪ್ರತಿ ಕೊಡಬೇಕು. ಆದರೆ ಅದರಲ್ಲೂ ಒಂದು ಗಂಟು ಹಾಕಿದ್ದಾರೆ. ನೌಕರನ ಮೇಲೆ ಕೇಸು ಹಾಕಬೇಕಾದರೆ ಇಲಾಖೆಯ ವಿಚಾರಣೆಯ ಶಿಫಾರಸು ಬೇಕು. ಮತ್ತದೇ ಪಟಿಯಾಲ ಹೌಸು, ತಾಲ್ಲೂಕು ಮಟ್ಟದಲ್ಲಿ. ಇಲ್ಲಿ ನಮ್ಮ ಸಂಘಟನೆಗಳು ಮಾಡಬೇಕಾದ್ದು ಈಚರ ವಾರಿಯರ್ ಮಾಡಿದ್ದನ್ನೇ. ಅರ್ಜಿಯಲ್ಲಿ 'ಪೋಲೀಸರು' ಅಂತ ಬರೆಯಬೇಡಿ. ಯಾವ ಠಾಣೆ, ಯಾವ ಹುದ್ದೆ, ಯಾವ ಹೆಸರು, ಎಷ್ಟು ಗಂಟೆಗೆ ಹೋದಿರಿ, ಏನಂದ, ಅದನ್ನು ಬರೆಯಿರಿ. ಸ್ವೀಕೃತಿ ಪತ್ರ ಕೊಡದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಸರ್ಕಾರ ಬದಲಾದಾಗ ಆ ಅಧಿಕಾರಿ ಬೇರೆ ಜಿಲ್ಲೆಯಲ್ಲಿರುತ್ತಾನೆ, ರಸೀದಿ ನಿಮ್ಮ ಹತ್ತಿರವೇ ಇರುತ್ತದೆ.

ಇನ್ನು ವರದಿಯ ವಿಷಯ. ಇದನ್ನು ಕನ್ನಡಕ್ಕೆ ತರುವವರು ಮೊದಲ ಭಾಗದ ರಾಜಕಾರಣಿಗಳ ಜಗಳದಿಂದ ಶುರುಮಾಡುವುದು ಬೇಡ. ಮೂರನೇ ಭಾಗದ ಸಂತಾನಹರಣದ ಅಧ್ಯಾಯವನ್ನು ಮೊದಲು ತನ್ನಿ. ಅದನ್ನು ಶಾಲೆಯ ಸ್ಟಾಫ್ ರೂಮಿನಲ್ಲೂ ಓದಿ, ಕೇರಿಯ ಜಗಲಿಯ ಮೇಲೂ ಓದಿ.